ಹಳೆಯ ರಥಕ್ಕೆ ಹೊಸ ಸಾರಥ್ಯ ಬಂದೀತೆ?

ನಮ್ಮ ಸೋದರಮಾವಂದಿರು ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ಮೌಂಟನ್ ವ್ಯೂ ಎಂಬ ಊರಿನಲ್ಲಿ ನೆಲೆಸಿ ನಾಲ್ಕು ದಶಕಗಳು ಕಳೆದುವು. ಈಗ ಅವರಿಗೆ ಎಪ್ಪತ್ತನಾಲ್ಕರ ಪ್ರಾಯ. ಪ್ರತಿ ಭಾನುವಾರ ಬೆಳಗ್ಗೆ ತಪ್ಪದೆ ಅವರ ಟೆಲಿಫೋನು ಬರುತ್ತದೆ. ಮೈಸೂರಿನಲ್ಲಿ ಮಳೆಯಾಯಿತೆ, ಕಾಫಿಪುಡಿಯ ಧಾರಣೆ ಎಷ್ಟಾಯಿತು, ಕಾಲೇಜಿನಲ್ಲಿ ಹುಡುಗರು ಕನ್ನಡವನ್ನು ಓದುತ್ತಾರೆಯೆ—ಇವಿಷ್ಟು ಮಾತುಗಳು ವರ್ಷವಿಡೀ ಬದಲಾಗುವುದಿಲ್ಲ. ಹೀಗಿರಲಾಗಿ ಒಂದು ಭಾನುವಾರ ಅವರು ಹೊಸದೊಂದು ಪ್ರಶ್ನೆಯನ್ನು ಕೇಳಿದರು: “ಅಲ್ಲಯ್ಯ, ಈಗಿನ ಕಾರುಗಳು ಕೈಬಿಟ್ಟು ಕುಳಿತರೂ ತಾವಾಗಿಯೇ ಓಡುತ್ತವೆಯಂತಲ್ಲ. ಆ ವಿದ್ಯೆ ನನ್ನ ಹಳೆಯ ಗಾಡಿಗೂ ಬರುತ್ತದೆಯೇನು, ಸ್ವಲ್ಪ ವಿಚಾರಿಸಿ ಹೇಳು.”

ಕನ್ನಡ ಎಂ.ಎ. ಮಾಡಿ ಪಾಠ ಹೇಳಿಕೊಂಡಿರುವವನಿಗೂ ಮೋಟಾರಿನ ಚುಕ್ಕಾಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾನೂ ಅದನ್ನೇ ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ ವಿದೇಶೀ ಕಾರು ಕಂಪೆನಿಯೊಂದರ ಸಂಶೋಧನಾಲಯದಲ್ಲಿ ಇಂಜಿನಿಯರಾಗಿರುವನೆಂಬ ಸಂಗತಿ ಮಾವನವರಿಗೆ ನೆನಪಿತ್ತು. ಅವನ ಹೆಸರನ್ನಾಗಲಿ ಅವನ ಕಂಪೆನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ; ಮನೆಯ ಗುಟ್ಟನ್ನು ಬೀದಿಗೆ ತಂದನೆಂಬ ಅಪವಾದ ಪಾಪ, ಆ ಹುಡುಗನಿಗೆ ಬರಬಾರದು.

ಪ್ರಶ್ನೆ ಕೇವಲ ಕುತೂಹಲದ್ದಾಗಿರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಆ ಕಾರನ್ನು ಅವರು ೨೦೧೪ರ ವಸಂತದಲ್ಲಿ ಕೊಂಡರು. ಬಣ್ಣವನ್ನು ಆರಿಸಿದವರು ನಮ್ಮ ಅತ್ತೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾದರೂ ಚಾಲಕನ ಪಕ್ಕದ ಆಸನದ ಮೇಲೆ ಅವರ ಶಾಲು ಇನ್ನೂ ಮಡಿಸಿದಂತೆಯೇ ಇದೆಯಂತೆ. ಮಗಳು ಇರುವುದು ಸುಮಾರು ನೂರಿಪ್ಪತ್ತು ಮೈಲಿ ದೂರದ ಸ್ಯಾಕ್ರಮೆಂಟೋದಲ್ಲಿ. ಮಾವನವರಿಗೆ ಈಚೆಗೆ ಕುತ್ತಿಗೆ ಹೊರಳುವುದಿಲ್ಲ. ಮುಸ್ಸಂಜೆಯ ಮೇಲೆ ಎದುರಿನ ದೀಪಗಳು ಕಣ್ಣಿಗೆ ಚುಚ್ಚುತ್ತವೆ. ಲೈಸೆನ್ಸು ನವೀಕರಣದ ದಿನವೂ ಹತ್ತಿರ ಬರುತ್ತಿತ್ತು. “ಅಪ್ಪ ಇನ್ನು ಕಾರು ಬಿಡುವುದು ಬೇಡ” ಎಂದು ಮಗಳು, “ಬಿಡದಿದ್ದರೆ ನಾನು ಮನೆಯಲ್ಲಿ ಕುಳಿತು ಗೋಡೆ ನೋಡಬೇಕು” ಎಂದು ತಂದೆ. ಇವೆರಡರ ನಡುವಿನ ಸಂಧಿಯಾಗಿ ಹೊಳೆದದ್ದು ಈ ಕೈಬಿಟ್ಟೋಡುವ ವಿದ್ಯೆ.

ಆ ವಾರ ನನ್ನ ತರಗತಿಯಲ್ಲಿ ಕನಕದಾಸರ ‘ನಳಚರಿತ್ರೆ’ ನಡೆಯುತ್ತಿತ್ತು. ಋತುಪರ್ಣ ಮಹಾರಾಜನು ದಮಯಂತಿಯ ಎರಡನೆಯ ಸ್ವಯಂವರಕ್ಕೆ ಒಂದೇ ದಿನದಲ್ಲಿ ವಿದರ್ಭಕ್ಕೆ ಹೋಗಿ ಮುಟ್ಟಬೇಕು. ಬಾಹುಕನೆಂಬ ವೇಷದ ನಳನು ಬಡಕಲು ಕುದುರೆಗಳನ್ನು ಹೂಡಿ ರಥವನ್ನು ಗಾಳಿಯಂತೆ ಓಡಿಸುತ್ತಾನೆ. ರಾಜನ ಉತ್ತರೀಯ ಜಾರಿ ಬಿದ್ದು, “ನಿಲ್ಲಿಸು” ಎನ್ನುವಷ್ಟರಲ್ಲಿ ಅದು ಯೋಜನದಾಚೆ ಉಳಿದುಹೋಗಿರುತ್ತದೆ. ರಥವು ಅದೇ ಹಳೆಯ ರಥ. ಬದಲಾದವನು ಸಾರಥಿ ಮಾತ್ರ. ಹಾಗಾದರೆ ಮಾವನವರ ಗಾಡಿಯೊಳಗೂ ಒಬ್ಬ ಬಾಹುಕನನ್ನು ಕೂರಿಸಬಾರದೇಕೆ?

ಈ ಉಪಮೆಯನ್ನು ನನ್ನ ವಿದ್ಯಾರ್ಥಿಯ ಮುಂದಿಟ್ಟಾಗ ಅವನು ನಕ್ಕುಬಿಟ್ಟನು. “ಸಾರ್, ಬಾಹುಕನು ಬರುವಾಗ ತನ್ನ ಕಣ್ಣು, ತನ್ನ ಕೈ, ತನ್ನ ತಲೆ ಮೂರನ್ನೂ ತಂದಿದ್ದನಲ್ಲವೆ? ಸಾಫ್ಟ್‌ವೇರ್ ಎಂಬುದು ಬರಿಯ ಅಶ್ವಹೃದಯ ವಿದ್ಯೆ. ಕಣ್ಣಿಲ್ಲದ, ಕೈಯಿಲ್ಲದ ಗಾಡಿಗೆ ಮಂತ್ರೋಪದೇಶ ಮಾಡಿದರೆ ಏನಾದೀತು?” ಎಂದನು. ನಾನು ಕನ್ನಡ ಕಲಿಸಿದ ಹುಡುಗ ನನಗೇ ಅಲಂಕಾರವನ್ನು ತಿದ್ದಿಕೊಟ್ಟಂತಾಯಿತು.

ಮುಂದಿನ ವಿಚಾರಕ್ಕೆ ಮೊದಲು ಕೊಂಚ ಹಿಂದಿನದನ್ನು ಹೇಳಬೇಕು. ಮೋಟಾರಿಗೆ ತನ್ನಷ್ಟಕ್ಕೆ ತಾನೇ ಓಡುವ ಮೊದಲ ಪಾಠವನ್ನು ಕಲಿಸಿದವನು ಕಣ್ಣಿಲ್ಲದವನೆಂಬುದು ಒಂದು ಸೋಜಿಗ. ಅಮೆರಿಕಾದ ಇಂಡಿಯಾನಾ ಪ್ರಾಂತದ ರಾಲ್ಫ್ ಟೀಟರ್ ಎಂಬಾತನು ಐದನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಆದರೂ ಇಂಜಿನಿಯರಿಂಗ್ ಓದಿ ದೊಡ್ಡ ಕಾರ್ಖಾನೆಯೊಂದರ ಮುಖ್ಯಸ್ಥನಾದನು. ಅವನ ವಕೀಲನು ಕಾರು ಓಡಿಸುವಾಗ ತಾನು ಮಾತನಾಡಿದರೆ ನಿಧಾನಿಸುವುದೂ ಇನ್ನೊಬ್ಬರ ಮಾತನ್ನು ಕೇಳುವಾಗ ವೇಗ ಹೆಚ್ಚಿಸುವುದೂ ವಾಡಿಕೆಯಾಗಿ, ಈ ಕುಲುಕಾಟದಿಂದ ಬೇಸತ್ತ ಟೀಟರನು ವೇಗವನ್ನು ಒಂದೇ ಸಮನಾಗಿ ಹಿಡಿದಿಡುವ ಉಪಕರಣವನ್ನು ಕಲ್ಪಿಸಿದನೆಂದು ಹೇಳುತ್ತಾರೆ. ೧೯೫೮ರಲ್ಲಿ ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಎಂಬ ಗಾಡಿಯಲ್ಲಿ ಅದು ಮಾರಾಟಕ್ಕೆ ಬಂದಿತು. ಅದಕ್ಕೆ ಕಂಪೆನಿ ಇಟ್ಟ ಹೆಸರು ‘ಆಟೋ ಪೈಲಟ್’! ಕಾಲಿಗೆ ವಿಶ್ರಾಂತಿ ಕೊಡುವ ಸಾಧನಕ್ಕೆ ಸಾರಥಿಯ ಬಿರುದನ್ನೇ ಕೊಟ್ಟರೆಂದ ಮೇಲೆ, ಹೆಸರು ದೊಡ್ಡದು ಕೆಲಸ ಚಿಕ್ಕದು ಎಂಬ ಸಂಪ್ರದಾಯ ಈ ಉದ್ಯಮದಲ್ಲಿ ಇಂದಿನದಲ್ಲವೆಂದಾಯಿತು.

ಅದೇ ೧೯೫೮ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯವರು ರಸ್ತೆಯೊಳಗೆ ತಂತಿಯನ್ನು ಹೂಳಿ, ಅದರ ವಿದ್ಯುತ್ತಿನ ಜಾಡು ಹಿಡಿದು ತಾನೇ ಹೊರಳುವ ಷೆವ್ರೊಲೆ ಕಾರನ್ನು ಪರೀಕ್ಷಿಸಿದ್ದರು. ಆ ಕಾಲದವರು ಬುದ್ಧಿಯನ್ನು ರಸ್ತೆಗೆ ಕೊಡಬೇಕೆಂದಿದ್ದರು. ಆ ಹಾದಿ ಹಿಡಿದಿದ್ದರೆ ಹಳೆಯ ಗಾಡಿಗಳ ಪಾಡು ಸುಲಭವಾಗುತ್ತಿತ್ತೋ ಏನೋ! ಆದರೆ ಲಕ್ಷಾಂತರ ಮೈಲಿಯ ರಸ್ತೆಯನ್ನು ಅಗೆಯುವವರಾರು? ಬುದ್ಧಿ ಕೊನೆಗೆ ಗಾಡಿಯೊಳಕ್ಕೇ ಬಂದಿತು. ಹೊಸದು ಬಂದಾಗ ಹಳೆಯದಕ್ಕೆ ಸಿಕ್ಕೀತೆ ಎಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು.

ಕೈಬಿಟ್ಟು ಓಡುವ ಗಾಡಿಗೆ ಏನೇನು ಬೇಕು? ಮೊದಲನೆಯದಾಗಿ ಕಣ್ಣು. ಕ್ಯಾಮೆರಾ, ರೇಡಿಯೋ ಅಲೆಗಳಿಂದ ದೂರವನ್ನು ಅಳೆಯುವ ರೇಡಾರ್, ಕೆಲವರ ಮತದಲ್ಲಿ ಬೆಳಕಿನ ಕಿರಣದಿಂದ ಅಳೆಯುವ ಲೈಡಾರ್ ಕೂಡ. ಆಮೇಲೆ ಆ ಕಣ್ಣುಗಳು ಕಂಡದ್ದನ್ನು ಕ್ಷಣಮಾತ್ರದಲ್ಲಿ ಅರ್ಥ ಮಾಡಿಕೊಳ್ಳುವ ಗಣಕಯಂತ್ರ. ಬಳಿಕ ಕೈ: ಎಂದರೆ ಚುಕ್ಕಾಣಿಯನ್ನು ವಿದ್ಯುತ್ತಿನ ಮೋಟಾರಿನಿಂದ ತಿರುಗಿಸುವ, ಬ್ರೇಕನ್ನು ಕಾಲಿಲ್ಲದೆ ಒತ್ತುವ ಏರ್ಪಾಡು. ಹಳೆಯ ಅನೇಕ ಕಾರುಗಳಲ್ಲಿ ಚುಕ್ಕಾಣಿಗೆ ನೆರವಾಗುವುದು ಎಣ್ಣೆಯ ಒತ್ತಡ. ಅದು ಮನುಷ್ಯನ ತೋಳಿಗೆ ಬಲ ಕೊಡುತ್ತದೆಯೇ ಹೊರತು ಗಣಕದ ಮಾತನ್ನು ಕೇಳುವುದಿಲ್ಲ. ಮಾವನವರ ಗಾಡಿ ಈ ಜಾತಿಯದು. ಇಷ್ಟಲ್ಲದೆ ಇನ್ನೊಂದು ಕಣ್ಣು ಬೇಕು. ಅದು ರಸ್ತೆಯನ್ನಲ್ಲ, ಚಾಲಕನನ್ನು ನೋಡುವ ಕಣ್ಣು. ಕೈಬಿಟ್ಟವನು ಕಣ್ಣನ್ನೂ ಮುಚ್ಚಿದನೆ ಎಂದು ಅದು ಸದಾ ಕಾಯುತ್ತಿರುತ್ತದೆ. ಈಗ ಮಾರಾಟದಲ್ಲಿರುವ ಬಹುತೇಕ ‘ಕೈಬಿಡುವ’ ಗಾಡಿಗಳಲ್ಲಿ ಕೈಗೆ ಮಾತ್ರ ರಜೆ, ಕಣ್ಣಿಗಿಲ್ಲ. ಈ ಭೇದವನ್ನು ಜಾಹೀರಾತುಗಳು ಸಣ್ಣ ಅಕ್ಷರದಲ್ಲಿಯೂ ಬಳಸುವವರು ದೊಡ್ಡ ಅಕ್ಷರದಲ್ಲಿಯೂ ಓದಬೇಕಾಗಿದೆ.

ಹಳೆಯ ಕಾರಿಗೂ ಹೊಸ ವಿದ್ಯೆ ಬಂದೀತೆಂಬ ಆಸೆ ಜನರಲ್ಲಿ ಹುಟ್ಟಿದ್ದಾದರೂ ಹೇಗೆ? ನಮ್ಮ ತಂದೆಯವರ ಕಾಲದಲ್ಲಿ ಅಂಬಾಸಡರ್ ಕಾರನ್ನು ಕೊಂಡವನು, ನಾಳೆ ಬೆಳಗಾಗುವುದರೊಳಗೆ ಅದಕ್ಕೆ ಹೊಸದೊಂದು ಗುಣ ಬರುವುದೆಂದು ಕನಸಿನಲ್ಲಿಯೂ ಎಣಿಸಿರಲಾರನು. ಈ ಆಸೆಯನ್ನು ಬಿತ್ತಿದ ಕೀರ್ತಿಯೂ, ಅದನ್ನು ನೋಯಿಸಿದ ಅಪಕೀರ್ತಿಯೂ ಬಹುಮಟ್ಟಿಗೆ ಟೆಸ್ಲಾ ಕಂಪೆನಿಗೆ ಸಲ್ಲುತ್ತವೆ. ಅದರ ಕಥೆ ಸ್ವಾರಸ್ಯಕರವಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

೨೦೧೪ರ ಶರತ್ಕಾಲದಿಂದ ಆ ಕಂಪೆನಿಯು ತನ್ನ ಮಾಡೆಲ್ ಎಸ್ ಗಾಡಿಗಳಿಗೆ ಮುಂದುಗಡೆ ಒಂದು ಕ್ಯಾಮೆರಾ, ಒಂದು ರೇಡಾರ್, ಸುತ್ತಲೂ ಹನ್ನೆರಡು ಶಬ್ದಗ್ರಾಹಿಗಳನ್ನು ಕೂರಿಸಿ ಕಳುಹಿಸತೊಡಗಿತು. ಅವು ಮಾಡಬೇಕಾದ ಕೆಲಸದ ಬಹುಭಾಗ ಆಗಿನ್ನೂ ಸಿದ್ಧವಾಗಿರಲಿಲ್ಲ. ಒಂದು ವರ್ಷ ಕಳೆದು, ೨೦೧೫ರ ಅಕ್ಟೋಬರಿನಲ್ಲಿ, ರಾತ್ರಿ ಮಲಗಿದ್ದ ಆ ಗಾಡಿಗಳಿಗೆ ಗಾಳಿಯ ಮೂಲಕ ಹೊಸ ಸಾಫ್ಟ್‌ವೇರ್ ಇಳಿಯಿತು. ಬೆಳಗ್ಗೆ ಎದ್ದು ನೋಡಿದರೆ ಹೆದ್ದಾರಿಯ ಪಟ್ಟೆಯ ನಡುವೆ ತಾವೇ ಚುಕ್ಕಾಣಿ ತಿರುಗಿಸಿಕೊಂಡು ಹೋಗುವ ವಿದ್ಯೆ ಅವಕ್ಕೆ ಬಂದಿತ್ತು. ಕೈಯನ್ನು ಚಕ್ರದ ಮೇಲೆಯೇ ಇಟ್ಟಿರಬೇಕೆಂದು ಕಂಪೆನಿ ಎಚ್ಚರಿಸಿತ್ತೆನ್ನಿ. ಆದರೂ ನಿನ್ನೆ ಕೊಂಡ ವಸ್ತು ಇಂದು ಹೆಚ್ಚು ಬಲ್ಲದ್ದಾಯಿತೆಂಬ ಅನುಭವ ಮೋಟಾರಿನ ಇತಿಹಾಸದಲ್ಲಿ ಹೊಸತು. ಇದರ ಇನ್ನೊಂದು ಮುಖವನ್ನೂ ನೋಡಬೇಕು. ೨೦೧೪ರ ಬೇಸಗೆಯಲ್ಲಿ ಅದೇ ಗಾಡಿಯನ್ನು, ಅಷ್ಟೇ ಹಣ ಕೊಟ್ಟು ಕೊಂಡವನಿಗೆ ಏನೂ ಸಿಕ್ಕಲಿಲ್ಲ. ಕ್ಯಾಮೆರಾವನ್ನು ಆಮೇಲೆ ಕೂರಿಸಿಕೊಡುವುದಿಲ್ಲವೆಂದು ಕಂಪೆನಿ ತಿಳಿಸಿತು. ಕೆಲವೇ ತಿಂಗಳ ಅಂತರದಲ್ಲಿ ಒಬ್ಬನು ಹಳಬನಾದನು, ಒಬ್ಬನು ಹೊಸಬನಾದನು.

೨೦೧೬ರ ಅಕ್ಟೋಬರಿನಲ್ಲಿ ಇನ್ನೂ ದೊಡ್ಡ ಮಾತು ಬಂದಿತು. ಇನ್ನು ಮುಂದೆ ತಾವು ತಯಾರಿಸುವ ಪ್ರತಿಯೊಂದು ಗಾಡಿಯಲ್ಲಿಯೂ ಪೂರ್ಣ ಸ್ವಯಂಚಾಲನೆಗೆ ಬೇಕಾದ ಎಲ್ಲ ಸಲಕರಣೆಯೂ ಇರುವುದೆಂದು ಕಂಪೆನಿ ಸಾರಿತು. ಎಂಟು ಕ್ಯಾಮೆರಾಗಳು, ಹೊಸ ಗಣಕಯಂತ್ರ. ಸಲಕರಣೆ ಈಗ, ವಿದ್ಯೆ ಆಮೇಲೆ. ಹಣ ಮಾತ್ರ ಈಗಲೇ. ವಿನೋದವೇನೆಂದರೆ, ಎಂಟು ಕಣ್ಣಿನ ಆ ಹೊಸ ಗಾಡಿಗಳು ಮೊದಲ ಕೆಲವು ತಿಂಗಳು ಒಕ್ಕಣ್ಣಿನ ಹಳೆಯ ಗಾಡಿಗಳು ಮಾಡುತ್ತಿದ್ದಷ್ಟನ್ನೂ ಮಾಡಲಾರದೆ ಹೋದುವು! ೨೦೧೯ರಲ್ಲಿ ಕಂಪೆನಿಯೇ ರಚಿಸಿದ ಮತ್ತೊಂದು ಗಣಕವು ಬಂದಿತು. ಹಿಂದಿನದಕ್ಕಿಂತ ಇಪ್ಪತ್ತೊಂದು ಪಟ್ಟು ಹೆಚ್ಚು ಚಿತ್ರಗಳನ್ನು ಅದು ನಿಭಾಯಿಸಬಲ್ಲುದೆಂದರು. ಎಂದಮೇಲೆ ೨೦೧೬ರ ‘ಎಲ್ಲ ಸಲಕರಣೆ’ಯಲ್ಲಿ ತಲೆ ಸಾಲದೆ ಇತ್ತೆಂದೇ ಅರ್ಥವಾಯಿತಷ್ಟೆ. ನ್ಯಾಯವಾಗಿ ಹೇಳಬೇಕಾದರೆ, ಪೂರ್ಣ ಸ್ವಯಂಚಾಲನೆಗೆಂದು ಹಣ ತೆತ್ತಿದ್ದವರಿಗೆ ಕಂಪೆನಿಯು ಆ ಗಣಕವನ್ನು ಬಿಟ್ಟಿಯಾಗಿ ಬದಲಾಯಿಸಿಕೊಟ್ಟಿತು. ಹಳೆಯ ಗಾಡಿಗೆ ಹೊಸ ತಲೆಯನ್ನು ಕೂರಿಸಿದ ಈ ನಿದರ್ಶನ ಅಪರೂಪದ್ದು. ಗಣೇಶನ ಕಥೆಯನ್ನು ಬಿಟ್ಟರೆ ನನಗೆ ಬೇರೊಂದು ನೆನಪಾಗುವುದಿಲ್ಲ.

೨೦೨೩ರಲ್ಲಿ ನಾಲ್ಕನೆಯ ತಲೆಮಾರಿನ ಗಣಕ ಬಂದಿತು, ಕ್ಯಾಮೆರಾಗಳೂ ಬೇರೆ. ಅದನ್ನು ಹಿಂದಿನ ಗಾಡಿಗಳಿಗೆ ಹೊಂದಿಸುವುದು ಸುಲಭವಲ್ಲ. ೨೦೨೪ರ ಕೊನೆಯಿಂದ ಹೊಸ ಸಾಫ್ಟ್‌ವೇರ್ ನಾಲ್ಕನೆಯ ತಲೆಮಾರಿಗೆ ಮೊದಲು ಇಳಿಯತೊಡಗಿ, ಮೂರನೆಯದು ಹಿಂದೆ ಉಳಿಯಿತು. ಕಡೆಗೆ ೨೦೨೫ರ ಜನವರಿಯಲ್ಲಿ ಕಂಪೆನಿಯ ಮುಖ್ಯಸ್ಥ ಎಲಾನ್ ಮಸ್ಕ್ ಅವರು, ಪೂರ್ಣ ಸ್ವಯಂಚಾಲನೆಯನ್ನು ಕೊಂಡಿರುವ ಮೂರನೆಯ ತಲೆಮಾರಿನವರ ಗಣಕವನ್ನು ಬದಲಾಯಿಸಿಕೊಡಬೇಕಾಗುವುದೆಂದು ಒಪ್ಪಿಕೊಂಡರು. ಅದು ಯಾತನೆಯ ಕೆಲಸವೆಂದೂ, ಆ ವಿದ್ಯೆಯನ್ನು ಬಹಳ ಜನ ಕೊಂಡಿಲ್ಲದಿರುವುದು ಒಂದು ಸಮಾಧಾನವೆಂದೂ ಸೇರಿಸಿದರು. ಮಾರುವವನು ತನ್ನ ಸರಕು ಹೆಚ್ಚು ಖರ್ಚಾಗದಿದ್ದುದಕ್ಕೆ ಸಂತೋಷಪಟ್ಟ ಪ್ರಸಂಗ ವಾಣಿಜ್ಯದ ಚರಿತ್ರೆಯಲ್ಲಿ ಎಷ್ಟಿವೆಯೋ ಕಾಣೆ. ೨೦೨೨ರಲ್ಲಿ ಒಂದು ಹಂತದಲ್ಲಿ ಆ ವಿದ್ಯೆಯ ಬೆಲೆ ೧೫,೦೦೦ ಡಾಲರುಗಳವರೆಗೆ ಏರಿತ್ತೆಂಬುದನ್ನು ನೆನೆದರೆ, ಕಾದು ಕುಳಿತವರ ಹೊಟ್ಟೆಯುರಿ ನಮಗೆ ಅರ್ಥವಾದೀತು. ೨೦೨೪ರಿಂದ ಅದರ ಹೆಸರಿಗೆ ‘ಮೇಲ್ವಿಚಾರಣೆಯುಳ್ಳ’ ಎಂಬ ವಿಶೇಷಣವೂ ಸೇರಿದೆ. ಪೂರ್ಣವಾದುದಕ್ಕೆ ಮೇಲ್ವಿಚಾರಣೆ ಯಾಕೆಂದು ವ್ಯಾಕರಣ ಕಲಿಸುವ ನಾನು ಕೇಳಿದರೆ ತಪ್ಪಾಗಲಾರದು.

ಉಳಿದ ಕಂಪೆನಿಗಳು ಇಷ್ಟು ದೊಡ್ಡ ಮಾತನ್ನು ಆಡಲಿಲ್ಲ. ಆದುದರಿಂದ ಅವರ ಗಿರಾಕಿಗಳ ನಿರಾಸೆಯೂ ಚಿಕ್ಕದು. ಜನರಲ್ ಮೋಟಾರ್ಸಿನ ‘ಸೂಪರ್ ಕ್ರೂಸ್’ ೨೦೧೭ರಲ್ಲಿ ಕ್ಯಾಡಿಲಾಕ್ ಸಿಟಿ೬ ಎಂಬ ಗಾಡಿಯಲ್ಲಿ ಬಂದಿತು. ನಿಜವಾಗಿಯೂ ಕೈಬಿಡಗೊಟ್ಟ ಮೊದಲ ಏರ್ಪಾಡು ಅದು. ಮೊದಲೇ ಲೈಡಾರಿನಿಂದ ಅಳೆದು ನಕ್ಷೆ ಬರೆದಿಟ್ಟ ಹೆದ್ದಾರಿಗಳಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ನಕ್ಷೆಯ ವ್ಯಾಪ್ತಿಯನ್ನು ನಾಲ್ಕು ಲಕ್ಷ ಮೈಲಿಗೆ ಹಿಗ್ಗಿಸುವುದಾಗಿ ೨೦೨೨ರಲ್ಲಿ ಸಾರಿದಾಗ, ಈ ವಿದ್ಯೆಯ ಹಿರಿಯ ಮಗನಾದ ಆ ಸಿಟಿ೬ ಗಾಡಿಯೇ ಪಾಲಿನಿಂದ ಹೊರಗುಳಿಯಿತು. ಅದರೊಳಗಿನ ವಿದ್ಯುತ್ ಜಾಲ ಹಳೆಯ ಬಗೆಯದೆಂಬುದು ಕಾರಣ. ಫೋರ್ಡ್ ಕಂಪೆನಿಯವರು ೨೦೨೧ರಲ್ಲಿ ಬೇಕಾದ ಕಣ್ಣು ಕೈಗಳನ್ನು ಮೊದಲು ಕೂರಿಸಿ, ‘ಬ್ಲೂ ಕ್ರೂಸ್’ ಎಂಬ ವಿದ್ಯೆಯನ್ನು ಆಮೇಲೆ ಗಾಳಿಯಲ್ಲಿ ಕಳುಹಿಸಿದರು. ಆ ಕಣ್ಣು ಕೈಗಳಿಲ್ಲದ ಹಿಂದಿನ ವರ್ಷಗಳ ಗಾಡಿಗಳಿಗೆ ಅದು ಬರುವ ಮಾತೇ ಇಲ್ಲ. ರಿವಿಯನ್ ಕಂಪೆನಿಯದು ಸ್ಪಷ್ಟವಾದ ಗೆರೆ: ೨೦೨೪ರ ಮಧ್ಯದಲ್ಲಿ ಬಂದ, ಹನ್ನೊಂದು ಕ್ಯಾಮೆರಾ ಐದು ರೇಡಾರುಗಳ ಎರಡನೆಯ ತಲೆಮಾರಿಗೆ ೨೦೨೫ರ ಮಾರ್ಚಿಯಲ್ಲಿ ಕೈಬಿಡುವ ವಿದ್ಯೆ ದೊರೆಯಿತು, ಮೂರು ವರ್ಷ ಮೊದಲೇ ನಂಬಿ ಕೊಂಡ ಮೊದಲ ತಲೆಮಾರಿನವರಿಗೆ ದೊರೆಯಲಿಲ್ಲ.

ವೋಲ್ವೋ ಕಂಪೆನಿಯ ಕಥೆ ಇದಕ್ಕೆ ತಿರುಗುಮುರುಗು. ಇಎಕ್ಸ್೯೦ ಎಂಬ ಗಾಡಿಯ ನೆತ್ತಿಯ ಮೇಲೆ ಲೈಡಾರನ್ನು ಕಿರೀಟದಂತೆ ಕೂರಿಸಿ ೨೦೨೨ರಲ್ಲಿ ಪ್ರದರ್ಶಿಸಿದರು. ಮುಂದೊಂದು ದಿನ ಗಾಡಿ ತಾನೇ ಓಡುವುದಕ್ಕೆ ಅದು ಆಧಾರವೆಂದರು. ಓಡುವ ವಿದ್ಯೆ ಬರುವ ಮೊದಲೇ, ೨೦೨೬ರ ಮಾದರಿಯಿಂದ ಲೈಡಾರನ್ನೇ ಕೈಬಿಟ್ಟರು. ಕಣ್ಣಿದ್ದೂ ವಿದ್ಯೆ ಬಾರದ ಉದಾಹರಣೆ ಇದು. ಆದರೆ ಅದೇ ಕಂಪೆನಿ ೨೦೨೫ರ ಮಾದರಿಯ ಒಡೆಯರಿಗೆ ಗಾಡಿಯ ಗಣಕವನ್ನು ಖರ್ಚಿಲ್ಲದೆ ಬದಲಾಯಿಸಿಕೊಡಲು ಮುಂದಾಯಿತೆಂಬುದನ್ನೂ ಹೇಳಬೇಕು.

ಮಾತಿಗೆ ತಕ್ಕಂತೆ ನಡೆದ ಒಂದು ನಿದರ್ಶನ ಜರ್ಮನಿಯದು. ಮರ್ಸಿಡಿಸ್ ಕಂಪೆನಿಯ ‘ಡ್ರೈವ್ ಪೈಲಟ್’ ೨೦೨೨ರಲ್ಲಿ ಮಾರಾಟಕ್ಕೆ ಬಂದಾಗ ಗಂಟೆಗೆ ೬೦ ಕಿಲೋಮೀಟರಿನವರೆಗೆ ಮಾತ್ರ, ಅದೂ ದಟ್ಟಣೆಯ ಹೆದ್ದಾರಿಯಲ್ಲಿ, ಚಾಲಕನು ಕಣ್ಣನ್ನೂ ರಸ್ತೆಯಿಂದ ತೆಗೆಯಬಹುದಾಗಿತ್ತು. ೨೦೨೪ರ ಕೊನೆಯಲ್ಲಿ ಆ ಮಿತಿಯನ್ನು ೯೫ಕ್ಕೆ ಏರಿಸಲು ಅಲ್ಲಿನ ಸರ್ಕಾರ ಒಪ್ಪಿತು. ಹಿಂದೆಯೇ ಆ ಏರ್ಪಾಡನ್ನು ಕೊಂಡಿದ್ದವರಿಗೂ ಹೆಚ್ಚು ಹಣವಿಲ್ಲದೆ ಅದನ್ನು ಕೊಡುವುದಾಗಿ ಕಂಪೆನಿ ಹೇಳಿತು. ಇದು ಹೇಗೆ ಸಾಧ್ಯವಾಯಿತೆಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆ. ಚುಕ್ಕಾಣಿ ಕೆಟ್ಟರೆ ಇನ್ನೊಂದು, ಬ್ರೇಕು ಕೆಟ್ಟರೆ ಇನ್ನೊಂದು ಎಂದು ಮೊದಲ ದಿನವೇ ಎಲ್ಲವನ್ನೂ ಎರಡೆರಡಾಗಿ ಇಟ್ಟಿದ್ದರಿಂದ, ಎಂದನು. ಮೊದಲು ಹೆಚ್ಚು ಕೊಟ್ಟು ಕಡಿಮೆ ಹೇಳಿದವನು ಆಮೇಲೆ ಕೊಡಬಲ್ಲ. ಇಷ್ಟೇ ಇದರ ಗುಟ್ಟು.

ಕಂಪೆನಿಗಳು ಹಳೆಯ ಗಾಡಿಗಳನ್ನು ಬೇಕೆಂದೇ ಕಡೆಗಣಿಸುತ್ತವೆಯೆ? ಹೊಸತನ್ನು ಮಾರುವ ಆಸೆ ಇಲ್ಲವೆನ್ನುವಂತಿಲ್ಲ. ಆದರೆ ನನ್ನ ವಿದ್ಯಾರ್ಥಿ ಹೇಳಿದ ಇನ್ನೊಂದು ಕಾರಣ ನನಗೆ ಒಪ್ಪಿಗೆಯಾಯಿತು. ಪ್ರತಿಯೊಂದು ಬಗೆಯ ಕ್ಯಾಮೆರಾ, ಪ್ರತಿಯೊಂದು ಬಗೆಯ ಬ್ರೇಕು, ಪ್ರತಿಯೊಂದು ಬಗೆಯ ಗಣಕ ಸೇರಿದಾಗಲೂ ಅದು ಬೇರೆಯೇ ಒಂದು ಜೀವಿ. ಅದನ್ನು ಬಿಸಿಲು ಮಳೆ ಮಂಜುಗಳಲ್ಲಿ ಮೊದಲಿನಿಂದ ಪರೀಕ್ಷಿಸಬೇಕು. ಮೊಬೈಲು ಫೋನಿನಲ್ಲಿ ತಪ್ಪಾದರೆ ಕರೆ ನಿಲ್ಲುತ್ತದೆ. ಇಲ್ಲಿ ತಪ್ಪಾದರೆ ನಿಲ್ಲುವುದು ಏನೆಂದು ಹೇಳಬೇಕಾಗಿಲ್ಲ. ೨೦೨೪ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿಯೂ ಮಾರ್ಚಿಯಲ್ಲಿ ಫಿಲಡೆಲ್ಫಿಯಾದಲ್ಲಿಯೂ, ಕೈಬಿಡುವ ಏರ್ಪಾಡು ಚಾಲ್ತಿಯಲ್ಲಿದ್ದ ಫೋರ್ಡ್ ಗಾಡಿಗಳು ರಾತ್ರಿಯ ಹೆದ್ದಾರಿಯಲ್ಲಿ ನಿಂತಿದ್ದ ಕಾರುಗಳಿಗೆ ಬಡಿದು ಒಟ್ಟು ಮೂವರು ಸತ್ತರು. ಅವು ಹೊಸ ಗಾಡಿಗಳು, ಆ ಕೆಲಸಕ್ಕೆಂದೇ ಕಟ್ಟಿದವು.

ಹಳೆಯ ಗಾಡಿಗಳಿಗೂ ಗಾಳಿಯ ಮೂಲಕ ತಪ್ಪದೆ ಬರುವ ವಸ್ತು ಒಂದುಂಟು. ಅದು ವಿದ್ಯೆಯಲ್ಲ, ಕಟ್ಟುಪಾಡು. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕಾ ಸರ್ಕಾರದ ತನಿಖೆಯ ಬಳಿಕ ಟೆಸ್ಲಾ ಕಂಪೆನಿಯು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಾಡಿಗಳಿಗೆ, ೨೦೧೨ರ ಮಾದರಿಯಿಂದ ಹಿಡಿದು, ಚಾಲಕನನ್ನು ಇನ್ನಷ್ಟು ಎಚ್ಚರಿಸುವ ತಿದ್ದುಪಡಿಯನ್ನು ಕಳುಹಿಸಬೇಕಾಯಿತು. ಹಕ್ಕು ಹೊಸಬರಿಗೆ, ಕರ್ತವ್ಯ ಎಲ್ಲರಿಗೆ!

ಮಾವನವರು ಇಷ್ಟಕ್ಕೆ ಸುಮ್ಮನಾಗುವವರಲ್ಲ. ನಿವೃತ್ತ ಸಿವಿಲ್ ಇಂಜಿನಿಯರು. ಮುಂದಿನ ಭಾನುವಾರ ಅವರೇ ಹೊಸ ಸಮಾಚಾರ ತಂದರು: ಕಂಪೆನಿ ಕೊಡದಿದ್ದರೇನು, ಹೊರಗಿನವರು ಕೊಡುತ್ತಾರಂತಲ್ಲ? ಅದೂ ನಿಜವೇ. ಜಾರ್ಜ್ ಹಾಟ್ಸ್ ಎಂಬ ತರುಣನು ಕೊಂಡ ಕಾರಿಗೆ ಹೊರಗಿನಿಂದ ಅಂಟಿಸುವ ಸಾರಥಿಯೊಂದನ್ನು ಮಾರಲು ೨೦೧೬ರಲ್ಲಿ ಹೊರಟನು. ಇದರ ಸುರಕ್ಷತೆಗೆ ಏನು ಆಧಾರವೆಂದು ಸರ್ಕಾರ ಪತ್ರ ಬರೆದು ಕೇಳಿದೊಡನೆ ಆ ಮಾರಾಟವನ್ನು ಕೈಬಿಟ್ಟು, ಸುಮಾರು ಒಂದು ತಿಂಗಳ ಬಳಿಕ ಸಾಫ್ಟ್‌ವೇರನ್ನು ಯಾರು ಬೇಕಾದರೂ ತೆಗೆದುಕೊಳ್ಳಿರೆಂದು ಲೋಕಕ್ಕೆ ಬಿಟ್ಟುಕೊಟ್ಟನು. ‘ಓಪನ್ ಪೈಲಟ್’ ಎಂಬುದು ಅದರ ಹೆಸರು. ಮುಂಗಾಜಿಗೆ ಅಂಟಿಸುವ ಅವರ ಪುಟ್ಟ ಪೆಟ್ಟಿಗೆಯೊಂದು ರಸ್ತೆಯನ್ನೂ ಚಾಲಕನ ಮುಖವನ್ನೂ ನೋಡುತ್ತ, ಮುನ್ನೂರಕ್ಕೂ ಮಿಕ್ಕ ಬಗೆಯ ಕಾರುಗಳನ್ನು ಹೆದ್ದಾರಿಯಲ್ಲಿ ನಡೆಸಬಲ್ಲುದು. ನಮ್ಮ ಬಾಹುಕನಿಗೆ ಅತ್ಯಂತ ಹತ್ತಿರದ ವಸ್ತು ಇದೇ. ಆದರೆ ಬಾಹುಕನಾದರೂ ಹಿಡಿಯಲು ಲಗಾಮು ಬೇಕಲ್ಲವೆ? ವಿದ್ಯುತ್ತಿನ ಚುಕ್ಕಾಣಿಯೂ ಮುಂದಿನ ಗಾಡಿಗೆ ತಕ್ಕಂತೆ ವೇಗವನ್ನು ಹೊಂದಿಸುವ ಏರ್ಪಾಡೂ ಕಾರ್ಖಾನೆಯಿಂದಲೇ ಬಂದಿರುವ ಕಾರುಗಳಿಗಷ್ಟೇ ಅದು ಹೊಂದುತ್ತದೆ. ಎಣ್ಣೆಯ ಒತ್ತಡದ ಚುಕ್ಕಾಣಿಗೆ ಅದು ಒಗ್ಗದು. ಅಲ್ಲದೆ ಕುತ್ತಿಗೆ ತಿರುಗದ, ಸಂಜೆಗಣ್ಣು ಮಂಜಾದ ಹಿರಿಯರು ಆ ಪೆಟ್ಟಿಗೆಯ ತಪ್ಪನ್ನು ಕ್ಷಣಾರ್ಧದಲ್ಲಿ ತಿದ್ದಬೇಕಾದ ಮೇಲ್ವಿಚಾರಕರಾಗಬೇಕೆನ್ನುವುದು ತಲೆಕೆಳಗಾದ ವ್ಯವಸ್ಥೆ. ಇದನ್ನು ಮಾವನವರಿಗೆ ಹೇಳುವುದು ನನಗೆ ಕಷ್ಟವಾಯಿತು. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಬಳಿಕ, “ಆಗಲಿ, ಕಾಫಿಪುಡಿ ಎಷ್ಟಾಯಿತು?” ಎಂದರು.

ನಮ್ಮ ದೇಶದ ಮಾತನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿಬಿಡಬಹುದು. ಕೈಬಿಡುವ ವಿದ್ಯೆಯ ಬಿಡಿಭಾಗಗಳಿಗೆ ಬೆಂಗಳೂರಿನ ಸಂಶೋಧನಾಲಯಗಳಲ್ಲಿ ಎಷ್ಟೋ ಮಂದಿ ನಮ್ಮ ಹುಡುಗ ಹುಡುಗಿಯರು ಹಗಲಿರುಳು ದುಡಿಯುತ್ತಾರೆ. ಅದು ಓಡುವುದು ಮಾತ್ರ ಹೊರದೇಶಗಳ ಹೆದ್ದಾರಿಯಲ್ಲಿ. ಚಾಲಕರ ಉದ್ಯೋಗವನ್ನು ಕಸಿಯುವ ಚಾಲಕರಹಿತ ಕಾರುಗಳಿಗೆ ಇಲ್ಲಿ ಎಡೆಗೊಡೆನೆಂದು ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ೨೦೧೭ರಲ್ಲಿಯೇ ಹೇಳಿದ್ದಾರೆ. ಚಾಲಕನಿಗೆ ನೆರವಾಗುವ ಏರ್ಪಾಡುಗಳು ಮಾತ್ರ ಬಂದಿವೆ. ೨೦೨೧ರ ಮಹೀಂದ್ರ ಎಕ್ಸ್‌ಯುವಿ೭೦೦ ಗಾಡಿಯ ಮೇಲಿನ ದರ್ಜೆಗಳಲ್ಲಿ ಪಟ್ಟೆ ಕಾಯುವ, ವೇಗ ಹೊಂದಿಸುವ ಕ್ಯಾಮೆರಾ ರೇಡಾರುಗಳುಂಟು. ಕೈ ಚಕ್ರದ ಮೇಲೆಯೇ ಇರತಕ್ಕದ್ದು. ಹಳೆಯ ಕಾರನ್ನು ಕೊಳ್ಳಹೊರಟ ಗೃಹಸ್ಥರು ಗಮನಿಸಬೇಕಾದ ಅಂಶ ಇಲ್ಲಿದೆ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿಗಳಲ್ಲಿ ಒಂದಕ್ಕೆ ಕಣ್ಣಿರಬಹುದು, ಇನ್ನೊಂದಕ್ಕೆ ಇಲ್ಲದಿರಬಹುದು. “ಮುಂದೆ ಅಪ್‌ಡೇಟ್ ಬರುತ್ತದೆ ಸಾರ್” ಎಂದು ದಲ್ಲಾಳಿ ಹೇಳಿದರೆ, ಮುಂಗಾಜಿನ ಮೇಲೆ ಕ್ಯಾಮೆರಾ ಎಲ್ಲಿದೆ ತೋರಿಸಪ್ಪ ಎಂದು ಕೇಳುವುದು ಒಳಿತು. ಇದ್ದರೂ ಕೂಡ, ಈ ದಿನ ಅದು ಮಾಡುವ ಕೆಲಸಕ್ಕೆ ಮಾತ್ರ ಬೆಲೆ ಕಟ್ಟಿರಿ. ಹಿಂದಿನ ಒಡೆಯನು ತಿಂಗಳ ಚಂದಾ ಕಟ್ಟಿ ಪಡೆದಿದ್ದ ವಿದ್ಯೆ ಗಾಡಿಯ ಜೊತೆ ಬರುವುದೋ ಅವನ ಜೊತೆ ಹೋಗುವುದೋ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಲೈಸೆನ್ಸಿನ ಕಣ್ಣು ಪರೀಕ್ಷೆಗೆ ಮಾವನವರು ಹೋಗಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲವಂತೆ. ತಾವೇ ಮಗಳಿಗೆ ಹೇಳಿದರಂತೆ. ೨೦೨೫ರ ಮಾರ್ಚಿಯಿಂದ ಅವರ ಊರಿನಲ್ಲಿ ವೇಮೋ ಎಂಬ ಕಂಪೆನಿಯ ಚಾಲಕನಿಲ್ಲದ ಬಾಡಿಗೆ ಕಾರುಗಳು ಓಡಾಡುತ್ತಿವೆ. ಒಂದು ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಲು ಅದನ್ನು ಕರೆಸಿದರು. ಬಿಳಿಯ ಜಾಗ್ವಾರ್ ಗಾಡಿ. ಮೈತುಂಬ ಇಪ್ಪತ್ತೊಂಬತ್ತು ಕ್ಯಾಮೆರಾ, ಐದು ಲೈಡಾರ್, ಆರು ರೇಡಾರ್. ಸಹಸ್ರಾಕ್ಷನ ವಾಹನವೆನ್ನಬೇಕು. ಕೈಬಿಡುವುದೇನು, ಹಿಡಿಯುವ ಕೈಯೇ ಅದರೊಳಗಿಲ್ಲ. ಚುಕ್ಕಾಣಿ ಚಕ್ರ ತನ್ನಷ್ಟಕ್ಕೆ ತಿರುಗುವುದನ್ನು ಹಿಂದಿನ ಆಸನದಲ್ಲಿ ಕುಳಿತು ನೋಡಿದರಂತೆ. “ಹೇಗಿತ್ತು ಮಾವ?” ಎಂದೆ.

“ಚೆನ್ನಾಗಿಯೇ ಓಡಿಸುತ್ತದೆ. ನನಗಿಂತ ನಿಧಾನ. ನಿನ್ನ ಅತ್ತೆಗೆ ಹಿಡಿಸುತ್ತಿತ್ತು” ಎಂದರು.

ಹಳೆಯ ಕಾರನ್ನು ಅವರು ಮಾರಿಲ್ಲ. ಬ್ಯಾಟರಿ ಸತ್ತುಹೋಗದಂತೆ ಭಾನುವಾರ ಭಾನುವಾರ ಷೆಡ್ಡಿನಲ್ಲಿಯೇ ಕೆಲವು ನಿಮಿಷ ಚಾಲೂ ಮಾಡಿ ಕೂರುತ್ತಾರೆ. ನನಗೆ ಟೆಲಿಫೋನು ಬರುವುದು ಈಗ ಅಲ್ಲಿಂದಲೇ. ಹಿಂದುಗಡೆ ಇಂಜಿನಿನ ಸದ್ದು ಸಣ್ಣಗೆ ಕೇಳಿಸುತ್ತಿರುತ್ತದೆ. ಷೆಡ್ಡಿನ ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದೀರಾ ಎಂದು ನಾನು ಪ್ರತಿ ಸಲವೂ ಕೇಳುತ್ತೇನೆ.